ಬೀಗದ ಓಣಿಯ ಕಾಣದ ಕೈಗಳು

ಮೂಳೆ ಡಾಕ್ಟರ ಕ್ಲಿನಿಕ್ಕಿನ ಹಿಂಬದಿಯ ಕೋಣೆಯಲ್ಲಿ ಒಂದು ಸ್ಟೀಲಿನ ತೊಟ್ಟಿ ಇದೆ. ಅದರ ತುಂಬ ಕರಗಿದ ಬಿಳಿ ಮೇಣ. ಮುರಿದ ಕೈಯ ಕಟ್ಟು ಬಿಚ್ಚಿದ ಮೇಲೆ ಬೆರಳು ಮಡಿಸಲಾಗದೆ ಒದ್ದಾಡುವವರನ್ನು ಡಾಕ್ಟರು ಈ ಕೋಣೆಗೆ ಅಟ್ಟುತ್ತಾರೆ. ಅಲ್ಲಿರುವ ಬೊಕ್ಕತಲೆಯ, ದುಂಡು ಮೈಯ ಒಬ್ಬರು ರೋಗಿಯ ಕೈಯನ್ನು ಬಿಸಿ ಮೇಣದಲ್ಲಿ ಅದ್ದಿ ತೆಗೆದು, ಮತ್ತೆ ಅದ್ದಿ ತೆಗೆದು, ಮೇಣವೇ ಗವಸಿನ ಹಾಗೆ ಕಟ್ಟಿಕೊಂಡ ಮೇಲೆ ಟವೆಲ್ಲಿನಲ್ಲಿ ಸುತ್ತಿ ಕೂರಿಸುತ್ತಾರೆ. ಕಾವು ಒಳಗಿಳಿದ ಮೇಲೆ ಗವಸು ಸುಲಿದು, ಒಂದೊಂದೇ ಬೆರಳನ್ನು ಮಡಿಸಿ ಬಿಡಿಸಿ ದಾರಿಗೆ ತರುತ್ತಾರೆ. ಅದಕ್ಕೇ ರೋಗಿಗಳೆಲ್ಲ ಅವರನ್ನು ಮೇಣದ ಮೇಷ್ಟ್ರು ಎನ್ನುವುದು.

ಮೇಷ್ಟ್ರು ಮಾತಿನಲ್ಲಿ ಎತ್ತಿದ ಕೈ. ಬಿಗಿದ ಬೆರಳನ್ನು ಮಡಿಸುವಾಗ ಪ್ರಾಣ ಹೋಗುವಷ್ಟು ನೋವಾಗುತ್ತದೆ. ಆ ಹೊತ್ತಿಗೆ ರೋಗಿಯ ಗಮನವನ್ನು ಬೇರೆಲ್ಲಾದರೂ ಎಳೆದುಕೊಂಡು ಹೋಗಬೇಕು. ಹಾಗಾಗಿ ಮಾತೂ ಅವರ ಕೆಲಸದ ಒಂದು ಭಾಗವೇ. ಆದರೆ ಈಚೆಗೆ ಕೆಲಸವೇ ಮಾತಿನ ಒಂದು ಭಾಗವಾಗಿಬಿಟ್ಟಿತ್ತು. ಏಕೆಂದರೆ ಮೇಷ್ಟ್ರಿಗೆ ಬೀಗದ ಓಣಿಯ ಹುಚ್ಚು ಹಿಡಿದಿತ್ತು.

ಬೀಗದ ಓಣಿ ಎಂದರೆ ಊರೊಳಗಿನ ಓಣಿಯಲ್ಲ. ಇಂಟರ್ನೆಟ್ಟಿನಲ್ಲಿ ಬರುವ ಒಂದು ಚಿತ್ರಕಥೆ. ವಾರಕ್ಕೊಂದು ಪುಟ, ಶುಕ್ರವಾರ ಬೆಳಿಗ್ಗೆ. ಬೀಗ ರಿಪೇರಿ ಮಾಡುವ ಒಬ್ಬ ಹುಡುಗಿ, ಓಣಿಯ ತುದಿಯಲ್ಲಿ ಯಾರೂ ತೆಗೆಯಲಾಗದ ಒಂದು ಬಾಗಿಲು. ಆ ಬಾಗಿಲ ಹಿಂದೇನಿದೆ ಎಂದು ವರ್ಷಗಟ್ಟಲೆ ಕಾದು ಕುಳಿತವರ ಒಂದು ದೊಡ್ಡ ಗುಂಪು ಫೋನಿನಲ್ಲಿದೆ. ಕಥೆ ಬರೆಯುವವರು ಯಾರು, ಎಲ್ಲಿಯವರು, ಯಾರಿಗೂ ತಿಳಿಯದು. ಪುಟದ ಮೂಲೆಯಲ್ಲಿ ಒಂದು ಪುಟ್ಟ ಇರುವೆಯ ಚಿತ್ರವಿರುತ್ತದೆ, ಅಷ್ಟೇ. ಹಾಗಾಗಿ ಗುಂಪಿನವರು ಕಥೆಗಾರನನ್ನು ಇರುವೆ ಎಂದೇ ಕರೆಯುತ್ತಿದ್ದರು.

ಆ ಗುಂಪಿನಲ್ಲಿ ನಮ್ಮ ಮೇಷ್ಟ್ರಿಗೆ ಜೋಯಿಸ ಎಂದು ಹೆಸರು. ಹೆಸರು ಸುಮ್ಮನೆ ಬಂದದ್ದಲ್ಲ. ಬೀಗದ ಹುಡುಗಿಯೂ ಓಣಿಯ ಮುದಿ ಕಾವಲುಗಾರನೂ ಹೊಸ್ತಿಲ ಬಳಿ ಎಡಗಾಲಿನ ಚಪ್ಪಲಿಯನ್ನು ಒಂದೇ ರೀತಿ ಓರೆಯಾಗಿ ಬಿಡುತ್ತಾರೆ, ಆದ್ದರಿಂದ ಅವನೇ ಅವಳ ಅಪ್ಪ ಎಂದು ಮೇಷ್ಟ್ರು ಎಂದೋ ಹೇಳಿದ್ದರು. ಎಲ್ಲರೂ ನಕ್ಕಿದ್ದರು. ಕಥೆಯಲ್ಲಿ ಅದೇ ನಿಜವಾದಾಗ ಮೇಷ್ಟ್ರಿಗೆ ಎರಡು ಕೊಂಬು ಮೂಡಿದವು. ಅಂದಿನಿಂದ ಮುಂದಿನ ಪುಟದಲ್ಲಿ ಏನು ಬರುತ್ತದೆ ಎಂದು ಜೋಯಿಸರು ಬಾಯಿಬಿಡುವ ತನಕ ಗುಂಪಿನಲ್ಲಿ ಯಾರಿಗೂ ಸಮಾಧಾನವಿರಲಿಲ್ಲ.

"ಮನೇಲಿ ಉಪ್ಪು ಮುಗಿದಿರೋದು ನಿಮ್ ಕಣ್ಣಿಗೆ ಬೀಳಲ್ಲ, ಆ ಓಣಿಯವರ ಚಪ್ಪಲಿ ಮಾತ್ರ ಬೀಳುತ್ತೆ" ಎಂದು ಹೆಂಡತಿ ಚುಚ್ಚುತ್ತಿದ್ದಳು. ಮೇಷ್ಟ್ರು ಅದನ್ನೂ ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದರು.

ಹೀಗಿರುವಾಗ ಬೀಗದ ಓಣಿಯಲ್ಲಿ ಒಂದು ವಿಚಿತ್ರ ಶುರುವಾಯಿತು. ಯಾರ ಕೈಯೂ ಕಾಣದಾಯಿತು. ಹುಡುಗಿ ಶಾಲು ಹೊದ್ದು ಕೂತಳು. ಕಾವಲುಗಾರ ಕೈಯನ್ನು ಬೆನ್ನ ಹಿಂದೆ ಕಟ್ಟಿದ. ಉಳಿದವರು ಜೇಬಿಗಿಳಿಸಿದರು. ಮೇಲಾಗಿ ಗೋಡೆಗಳ ಗೆರೆಯೂ ಅಲುಗಾಡತೊಡಗಿತು. ಗುಂಪು ಎದ್ದು ಕೂತಿತು. ಗೆರೆ ನಡುಗುತ್ತಿದೆಯೆಂದರೆ ಭೂಕಂಪ ಬರುತ್ತದೆ ಎಂದ ಒಬ್ಬ. ಎಲ್ಲರ ಬೆರಳನ್ನೂ ಯಾರೋ ಕತ್ತರಿಸಿದ್ದಾರೆ ಎಂದಳು ಇನ್ನೊಬ್ಬಳು. ಜೋಯಿಸರು ಹಳೆಯ ಪುಟಗಳನ್ನೆಲ್ಲ ತಿರುವಿ ಹಾಕಿ ಕಡ್ಡಿ ಮುರಿದಂತೆ ಹೇಳಿದರು: ಆ ಬಾಗಿಲಿಗೆ ಒಂದಲ್ಲ, ಹಲವು ಬೀಗಗಳಿವೆ. ಓಣಿಯ ಪ್ರತಿಯೊಬ್ಬರ ಮುಷ್ಟಿಯಲ್ಲೂ ಒಂದೊಂದು ಕೀಲಿ ಇದೆ. ಅದಕ್ಕೇ ಎಲ್ಲರೂ ಕೈ ಬಚ್ಚಿಟ್ಟಿದ್ದಾರೆ.

ಈ ಊಹೆಗೆ ಗುಂಪು ತಲೆದೂಗಿತು. ನಿಜ ಹೇಳಬೇಕೆಂದರೆ ಊಹೆ ಚೆನ್ನಾಗಿಯೇ ಇತ್ತು.

ಆ ದಿನಗಳಲ್ಲೇ ಡಾಕ್ಟರು ಹೊಸ ರೋಗಿಯೊಬ್ಬರನ್ನು ಕಳಿಸಿದರು. ನರೆತ ಕೂದಲನ್ನು ಮೋಟಾಗಿ ಕತ್ತರಿಸಿಕೊಂಡ, ಮಾತು ಕಡಿಮೆಯ ಹೆಂಗಸು. ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದಿತ್ತು. ಕಟ್ಟು ಬಿಚ್ಚಿದ ಮೇಲೆ ಬೆರಳುಗಳು ಅರ್ಧಕ್ಕೇ ನಿಂತುಬಿಟ್ಟಿದ್ದವು.

"ಎಡಗೈ ತಾನೇ? ಬದುಕಿಕೊಂಡ್ರಿ ಬಿಡಿ ಅಮ್ಮ" ಎಂದರು ಮೇಷ್ಟ್ರು, ಆ ಕೈಯನ್ನು ತೊಟ್ಟಿಗೆ ಇಳಿಸುತ್ತ.

ಆಕೆ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೇಷ್ಟ್ರು, "ಬೀಗದ ಓಣಿ ಓದ್ತೀರಾ?" ಎಂದು ಕೇಳಿಯಾಗಿತ್ತು.

"ಸ್ವಲ್ಪ ಗೊತ್ತು" ಎಂದರು ಆಕೆ.

ಇನ್ನು ಕೇಳಬೇಕೆ! ಮೇಷ್ಟ್ರು ಚಪ್ಪಲಿಯಿಂದ ಹಿಡಿದು ಕೀಲಿಯ ತನಕ ಒಂದನ್ನೂ ಬಿಡದೆ ಹೇಳಿದರು. ಗುಂಪಿನಲ್ಲಿ ತಮ್ಮ ಹೆಸರು ಜೋಯಿಸ ಎಂಬುದನ್ನೂ ಹೇಳಿದರು. ಆಕೆ ನೋವಿಗೆ ಹಲ್ಲು ಕಚ್ಚಿಕೊಂಡೇ ಕೇಳುತ್ತಿದ್ದರು, ನಡುನಡುವೆ ನಗುತ್ತಿದ್ದರು. "ಭೂಕಂಪ ಅಂತೀರಾ? ಹೌದಾ?" ಎಂದು ಕೆದಕಿ ಕೆದಕಿ ಕೇಳುತ್ತಿದ್ದರು. ಇಂಥ ರೋಗಿ ಸಿಕ್ಕಿದ್ದು ತಮ್ಮ ಪುಣ್ಯ ಎಂದುಕೊಂಡರು ಮೇಷ್ಟ್ರು.

ಕೈ ಮುರಿದವರು ಬಂದಾಗ ಮೊದಲು ಕೇಳಬೇಕಾದ ಮಾತು ಒಂದಿದೆ: ಈ ಕೈಯಲ್ಲಿ ನೀವು ಏನು ಕೆಲಸ ಮಾಡುತ್ತೀರಿ? ಬಡಗಿಗೆ ಬೇಕಾದ ಬೆರಳು ಬೇರೆ, ಡ್ರೈವರಿಗೆ ಬೇಕಾದದ್ದು ಬೇರೆ. ಕೆಲಸ ತಿಳಿಯದೆ ವ್ಯಾಯಾಮ ಹೇಳುವುದೆಂದರೆ ಕಣ್ಣು ಕಟ್ಟಿಕೊಂಡು ನಡೆಯುವುದು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೇಷ್ಟ್ರೇ ಇದನ್ನು ಪಾಠ ಹೇಳುತ್ತಿದ್ದರು. ಆದರೆ ಆಕೆಯನ್ನು ಮಾತ್ರ ಅವರು ಕೇಳಲೇ ಇಲ್ಲ. ಮಧ್ಯದ ಬೆರಳಿನ ಪಕ್ಕದಲ್ಲಿ ಒಂದು ಗಟ್ಟಿ ಗಂಟು ಪ್ರತಿ ಸಲವೂ ಅವರ ಹೆಬ್ಬೆರಳಿಗೆ ತಾಗುತ್ತಿತ್ತು. ತರಕಾರಿ ಹೆಚ್ಚಿ ಹೆಚ್ಚಿ ಆದದ್ದಿರಬೇಕು ಎಂದು ತಮ್ಮಷ್ಟಕ್ಕೆ ತೀರ್ಮಾನಿಸಿ, ಕೊಡ ಎತ್ತುವ, ಬಟ್ಟೆ ಹಿಂಡುವ ವ್ಯಾಯಾಮ ಹೇಳಿಕೊಟ್ಟರು.

"ಸಣ್ಣ ವಸ್ತು ಹಿಡಿಯೋಕೆ ಯಾವಾಗ ಬರುತ್ತೆ ಮೇಷ್ಟ್ರೇ?" ಎಂದು ಆಕೆ ಒಮ್ಮೆ ಕೇಳಿದ್ದರು.

"ಸಣ್ಣದಕ್ಕೇನು ಅವಸರ? ಸೂಜಿಗೆ ದಾರ ಪೋಣಿಸ್ಬೇಕಾ?" ಎಂದು ಮೇಷ್ಟ್ರು ನಕ್ಕುಬಿಟ್ಟಿದ್ದರು.

ಬರುವ ಶುಕ್ರವಾರ ಕೈಗಳೆಲ್ಲ ಹೊರಬರುತ್ತವೆ, ಬಾಗಿಲು ತೆರೆಯುತ್ತದೆ ಎಂದು ಜೋಯಿಸರು ಗುಂಪಿನಲ್ಲಿ ಸಾರಿದರು. ಶುಕ್ರವಾರ ಬಂತು. ಪುಟದಲ್ಲಿ ಬರೀ ಮಂಜು. ಮನುಷ್ಯರೇ ಇಲ್ಲ. ಮಂಜಿನೊಳಗೆ ನಡುಗುವ ಒಂದು ಗೋಡೆ. ಗುಂಪು ಜೋಯಿಸರನ್ನು ಹಿಗ್ಗಾಮುಗ್ಗಾ ಹಂಗಿಸಿತು. ಮೇಷ್ಟ್ರಿಗೆ ತಡೆದುಕೊಳ್ಳಲಾಗಲಿಲ್ಲ. ಆ ಸಿಟ್ಟನ್ನೆಲ್ಲ ಇರುವೆಯ ಮೇಲೆ ತಿರುಗಿಸಿದರು. ಇದರಲ್ಲಿ ಗುಟ್ಟೂ ಇಲ್ಲ, ಗಟ್ಟಿಯೂ ಇಲ್ಲ, ಆಸಾಮಿಗೆ ಸೋಮಾರಿತನ ಹತ್ತಿದೆ ಅಷ್ಟೇ ಎಂದು ಬರೆದು, ಕೊನೆಗೆ ಒಂದು ಸಾಲು ಸೇರಿಸಿದರು: ಕೈ ಬಿಡಿಸಲು ಬಾರದವರು ಕಥೆಗೆ ಕೈ ಹಾಕಬಾರದು.

ಆ ಸಾಲು ಹತ್ತಿಕೊಂಡಿತು. ಯಾರು ನೋಡಿದರೂ ಅದನ್ನೇ ಹಂಚುವವರು. ಬೀಗದ ಓಣಿಯ ಪುಟದ ಕೆಳಗೇ ಹೋಗಿ ಅಂಟಿಸಿ ಬಂದವರೂ ಇದ್ದರು. ಜೋಯಿಸರ ಮಾನ ಉಳಿಯಿತು. ಆ ಹಿಗ್ಗಿನಲ್ಲಿ ಮೇಷ್ಟ್ರು, ಮುಂದಿನ ಸಲ ಆಕೆ ಮೇಣದ ಗವಸು ತೊಟ್ಟು ಕೂತಿದ್ದಾಗ, ಫೋನು ತೆಗೆದು ಅದನ್ನು ರಾಗವಾಗಿ ಓದಿ ಹೇಳಿದರು.

"ಎಲ್ಲರೂ ಇದನ್ನ ಒಪ್ತಾರಾ?" ಎಂದರು ಆಕೆ.

"ಒಬ್ಬರೂ ಇಲ್ಲ ಅನ್ನಲಿಲ್ಲ ಅಮ್ಮ!"

"ಹಾಗಾದ್ರೆ ನಿಜಾನೇ ಇರ್ಬೇಕು."

ಅವತ್ತು ಬೆರಳು ಮಡಿಸುವಾಗ ಆಕೆ ಮುಖ ಕಿವುಚಲೂ ಇಲ್ಲ. ಬಲಗೈಯಲ್ಲಿ ಚೀಲ ಎತ್ತಿಕೊಂಡು ಹೊರಟರು. ಆಮೇಲೆ ಬರಲಿಲ್ಲ. ರಿಸೆಪ್ಷನ್ನಿನ ಹುಡುಗಿ, "ಫೋನ್ ಮಾಡಿದ್ರೂ ಎತ್ತಲ್ಲ ಸಾರ್" ಎಂದಳು. "ನೋವಿಗೆ ಹೆದರಿ ಓಡಿರ್ತಾರೆ, ಬಿಡು" ಎಂದರು ಮೇಷ್ಟ್ರು. ಓಣಿಯೂ ಒಂದು ಶುಕ್ರವಾರ ಖಾಲಿ ಬಿತ್ತು.

ಅದರ ಮುಂದಿನ ಶುಕ್ರವಾರ, ಹೆಂಡತಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಾಗ, ಮೇಷ್ಟ್ರ ಫೋನು ಟಣ್ಣೆಂದಿತು. ಪುಟ ಬಂದಿತ್ತು. ಅದರಲ್ಲಿ ಕೈಗಳಿದ್ದವು! ಟವೆಲ್ಲಿನ ಮೇಲೆ ಒಂದು ಕೈ, ಬೆರಳುಗಳು ಅರ್ಧ ಮಡಿಸಿ ನಿಂತದ್ದು. ಅದರ ಒಂದು ಬೆರಳನ್ನು ಹಿಡಿದು ಒತ್ತುತ್ತಿರುವ ಇನ್ನೊಂದು ದಪ್ಪ ಕೈ. ಹಿಂದೆ ಯಾವುದೋ ತೊಟ್ಟಿ, ಬೆನ್ನು ಸೀಳಿದ ಒಂದು ಪ್ಲಾಸ್ಟಿಕ್ ಕುರ್ಚಿ. ಮಾತಿಲ್ಲ. ಗೆರೆಗಳೆಲ್ಲ ಮಗು ಗೀಚಿದ ಹಾಗೆ ಸೊಟ್ಟಸೊಟ್ಟಗೆ. ಮೂಲೆಯಲ್ಲಿ ಇರುವೆ.

ಜೋಯಿಸರಿಗೆ ಯೋಚಿಸುವ ವ್ಯವಧಾನವೆಲ್ಲಿ? ಬೇರೆಯವರು ಹೇಳುವ ಮೊದಲೇ ಬರೆದು ಹಾಕಿದರು: ಹೊಸ ಖಳನಾಯಕ ಬಂದ. ಇವನು ಬೆರಳು ಮುರಿದು ಗುಟ್ಟು ಬಾಯಿಬಿಡಿಸುವವನು. ಆ ಹೆಬ್ಬೆರಳು ನೋಡಿ, ಕಟುಕನ ಹೆಬ್ಬೆರಳು.

ಹೆಂಡತಿ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಅವರ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಅಯ್ಯೋ, ಇದು ನಿಮ್ಮ ಕೈ ಅಲ್ವೇನ್ರೀ?"

"ನಿನ್ ತಲೆ."

"ನನ್ ತಲೆ ಅಲ್ಲ, ನಿಮ್ ಹೆಬ್ಬೆರಳು. ಬಾಗಿಲಿಗೆ ಸಿಕ್ಕಿ ಎರಡು ಸೀಳಾಗಿರೋ ಈ ಉಗುರನ್ನ ನೋಡಿ ನೋಡಿ ನನಗೆ ಸಾಕಾಗಿದೆ. ಆ ಕುರ್ಚಿನೂ ನಿಮ್ ಕೋಣೇದೇ. ಯಾರ್ರೀ ಇದನ್ನ ಬರೆದೋರು?"

ಮೇಷ್ಟ್ರು ಫೋನನ್ನು ಕಣ್ಣಿನ ಹತ್ತಿರಕ್ಕೆ ಹಿಡಿದರು. ತಮ್ಮ ಹೆಬ್ಬೆರಳನ್ನು ನೋಡಿಕೊಂಡರು. ಚಿತ್ರವನ್ನು ನೋಡಿದರು. ಟವೆಲ್ಲಿನ ಮೇಲಿದ್ದದ್ದು ಎಡಗೈ. ಮಧ್ಯದ ಬೆರಳಿನ ಪಕ್ಕದಲ್ಲಿ ಗಂಟು. ಪೆನ್ಸಿಲು ಹಿಡಿದು ಹಿಡಿದು ಆದ ಗಂಟು.

ಆಕೆ ಎಡಚರು. ಕಟ್ಟು ಹಾಕಿದ್ದ ಕಾಲವೆಲ್ಲ ಬಾರದ ಬಲಗೈಯಲ್ಲಿ ಹೇಗೋ ಗೋಡೆ ಎಳೆದು, ಮುಖ ಬರೆದು, ಬರೆಯಲಾಗದ ಕೈಗಳನ್ನು ಶಾಲಿನಲ್ಲೂ ಜೇಬಿನಲ್ಲೂ ಮುಚ್ಚಿ, ಒಂದು ಶುಕ್ರವಾರವನ್ನೂ ತಪ್ಪಿಸದೆ ಕಥೆ ಕೊಟ್ಟಿದ್ದರು. ಕೀಲಿಯೂ ಇಲ್ಲ, ಭೂಕಂಪವೂ ಇಲ್ಲ. ಓಣಿಯವರ ಚಪ್ಪಲಿಯ ಓರೆ ಕಂಡಿದ್ದ ತಮಗೆ, ತಮ್ಮ ಕೈಯೊಳಗೇ ಇದ್ದ ಕೈ ಕಾಣಲಿಲ್ಲವಲ್ಲ! ಆ ಸಾಲನ್ನು ರಾಗ ಎಳೆದು ಓದಿದ್ದು ನೆನಪಾಗಿ ಮೇಷ್ಟ್ರಿಗೆ ಕಿವಿಯವರೆಗೂ ಬಿಸಿಯೇರಿತು. ಹೆಂಡತಿಯ ಮುಖ ನೋಡಲೂ ಆಗಲಿಲ್ಲ. ಹೇಳಬೇಕಾದ್ದನ್ನೆಲ್ಲ ನೆಲ ನೋಡುತ್ತಲೇ ಹೇಳಿದರು. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಆ ಕೈ ವಾಸಿಯಾಗುತ್ತಾ?" ಎಂದಷ್ಟೇ ಕೇಳಿದಳು.

ಇನ್ನೂ ಕೆಲವು ವಾರ ಬಿಡದೆ ಮಾಡಿದರೆ ಆಗುತ್ತದೆ. ಬಿಟ್ಟರೆ ಕೀಲುಗಳು ಹಾಗೆಯೇ ಕೂತುಬಿಡುತ್ತವೆ, ಆಮೇಲೆ ಬ್ರಹ್ಮ ಬಂದರೂ ಬಿಡಿಸಲಾರ. ಅದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಬರಿಯ ಮಾತಿನಲ್ಲಿ ನೋಯಿಸಿದ್ದಾದರೆ ಕಾಲಿಗೆ ಬಿದ್ದಾದರೂ ಮುಗಿಸಬಹುದಿತ್ತು. ಬಟ್ಟೆ ಹಿಂಡಿಸಿ ಕಳೆದ ವಾರಗಳನ್ನು ಎಲ್ಲಿಂದ ತಂದುಕೊಡುವುದು?

ಕ್ಲಿನಿಕ್ಕಿಗೆ ಓಡಿ ಅಲ್ಲಿಂದ ಫೋನು ಮಾಡಿದರು. ಎತ್ತಲಿಲ್ಲ. ತಮ್ಮ ಸಾಲನ್ನು ಗುಂಪಿನಿಂದ ಅಳಿಸಿದರು. ಅಳಿಸಿ ಏನು ಬಂತು, ಅದು ಊರೆಲ್ಲ ಸುತ್ತಿಯಾಗಿತ್ತು. ಗುಂಪಿನಲ್ಲಿ ಆಗಲೇ ಕಟುಕನ ಹೆಬ್ಬೆರಳಿಗೆ ಶಾಪ ಹಾಕುವವರ ಸಾಲು ನಿಂತಿತ್ತು. ಆ ಕೈ ಸುಟ್ಟುಹೋಗಲಿ ಎಂದಿದ್ದಳು ಒಬ್ಬಳು. ಮೇಷ್ಟ್ರಿಗೆ ಅವಳ ಮಾತು ಸರಿಯೆಂದೇ ತೋರಿತು. ಕೊನೆಗೆ ಧೈರ್ಯ ಮಾಡಿ ಬರೆದರು. ಆಕೆ ಯಾರೆಂಬ ಗುಟ್ಟು ಬಿಡುವಂತಿರಲಿಲ್ಲ, ಅದಕ್ಕೇ ತಮ್ಮ ಪಾಲಿನದಷ್ಟೇ ಬರೆದರು: ಆ ಕೈ ನನ್ನದು. ನಾನು ಬಾಯಿಬಡುಕ. ಒಬ್ಬರ ಕೈ ಹಿಡಿದುಕೊಂಡು ಅವರನ್ನೇ ಆಡಿಕೊಂಡೆ. ಇರುವೆಯವರು ಸೋಮಾರಿ ಅಲ್ಲ. ನಾನು ಬರೆದದ್ದೆಲ್ಲ ತಪ್ಪು.

ಗುಂಪು ಬಿದ್ದು ಬಿದ್ದು ನಕ್ಕಿತು. ಜೋಯಿಸರೇ, ಇದುವರೆಗಿನ ಊಹೆಗಳಲ್ಲಿ ಇದೇ ಭರ್ಜರಿ ಎಂದರು. ಚಪ್ಪಾಳೆ ತಟ್ಟಿದರು. ಒಬ್ಬನಂತೂ, ಖಳನಾಯಕ ಪಶ್ಚಾತ್ತಾಪ ಪಡುತ್ತಾನೆ ಎಂದು ಜೋಯಿಸರು ಸೂಚನೆ ಕೊಡುತ್ತಿದ್ದಾರೆ ಎಂದು ಅರ್ಥ ಬಿಡಿಸಿ ಹೇಳಿದ. ಹಿಂದೆ ಇಷ್ಟೇ ಹೊಗಳಿಕೆಗೆ ಮೇಷ್ಟ್ರು ದಿನವೆಲ್ಲ ಉಬ್ಬಿರುತ್ತಿದ್ದರು. ಈಗ ಒಂದೊಂದು ಚಪ್ಪಾಳೆಯೂ ಕೆನ್ನೆಗೆ ಬಿದ್ದಂತಾಯಿತು. ಫೋನನ್ನು ಮಗುಚಿ ಇಟ್ಟುಬಿಟ್ಟರು.

ಸೋಮವಾರ ಮಧ್ಯಾಹ್ನ ಆಕೆ ಬಂದರು. ಮೊದಲಿನ ಹಾಗೇ ಸೀಳಿದ ಕುರ್ಚಿಯಲ್ಲಿ ಕೂತು, ತೋಳಿನ ಬಟ್ಟೆ ಮಡಿಸಿ, ಎಡಗೈಯನ್ನು ಟವೆಲ್ಲಿನ ಮೇಲಿಟ್ಟರು. ಬೆರಳುಗಳು ಮತ್ತಷ್ಟು ಬಿಗಿದಿದ್ದವು.

ಮೇಷ್ಟ್ರು ತಲೆ ಎತ್ತಲಿಲ್ಲ. "ಅಮ್ಮ, ನನ್ನಿಂದ..." ಎಂದು ತೊಡಗಿದವರು ಟವೆಲ್ಲಿನ ಅಂಚು ಸರಿಮಾಡತೊಡಗಿದರು. ಮಾತು ಮಾರಿ ಬದುಕಿದ ಮನುಷ್ಯನಿಗೆ ಒಂದು ವಾಕ್ಯ ಮುಗಿಸಲಾಗಲಿಲ್ಲ.

ಆಕೆ ಕಾದರು. ನೆರವಿಗೆ ಬರಲಿಲ್ಲ.

"ಈ ಕೈಯಲ್ಲಿ ನೀವು ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರು ಮೇಷ್ಟ್ರು. ಮೊದಲ ದಿನ ಕೇಳಬೇಕಾಗಿದ್ದ ಮಾತು.

"ಚಿತ್ರ ಬರೀತೀನಿ."

"ಹೂಂ" ಎಂದರು ಮೇಷ್ಟ್ರು. ಕೈಯನ್ನು ಮೇಣದಲ್ಲಿ ಅದ್ದಿದರು, ತೆಗೆದರು, ಅದ್ದಿದರು. ಗವಸು ಸುಲಿದ ಮೇಲೆ ಕೊಡ ಎತ್ತಿಸುವ ಗೊಡವೆಗೆ ಹೋಗದೆ, ತಮ್ಮ ಜೇಬಿನ ಪೆನ್ಸಿಲನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು, ಗಂಟಿಗೆ ಒರಗಿಸಿ, ಮೆಲ್ಲಗೆ ಒತ್ತಿದರು. ಪೆನ್ಸಿಲು ಜಾರಿ ಬಿತ್ತು. ಎತ್ತಿ ಮತ್ತೆ ಇಟ್ಟರು. ಮತ್ತೆ ಬಿತ್ತು. ಆಕೆಯ ಕಣ್ಣಲ್ಲಿ ನೀರು ತುಂಬಿತು. ಗಮನ ಬೇರೆ ಕಡೆ ಎಳೆಯಲು ಮೇಷ್ಟ್ರ ಬಳಿ ಅವತ್ತು ಒಂದು ಮಾತೂ ಇರಲಿಲ್ಲ.

ಕೊನೆಗೆ ಆಕೆಯೇ ಕೇಳಿದರು. "ಮುಂದಿನ ಶುಕ್ರವಾರ ಓಣೀಲಿ ಏನಾಗುತ್ತೆ ಜೋಯಿಸರೇ? ಹೇಳಿ ನೋಡೋಣ."

"ನನಗೆ ಗೊತ್ತಿಲ್ಲ ಅಮ್ಮ."

"ನನಗೂ ಗೊತ್ತಿಲ್ಲ" ಎಂದರು ಆಕೆ, ಬೀಳುತ್ತಿದ್ದ ಪೆನ್ಸಿಲಿನ ಕಡೆ ನೋಡುತ್ತ. "ಅದಕ್ಕೇ ಬಂದೆ."

ಮೇಷ್ಟ್ರು ಬಗ್ಗಿ ಪೆನ್ಸಿಲು ಎತ್ತಿಕೊಂಡರು.