‘ಓ’ ಅನ್ನುತ್ತಿದ್ದ ದ್ಯಾವಣ್ಣ

ಬೆಳಗೋಡಿನಲ್ಲಿ ಯಾರು ಯಾರನ್ನೇ ಕೂಗಲಿ, ‘ಓ’ ಅನ್ನುತ್ತಿದ್ದವನು ಲಾರಿ ಡ್ರೈವರ್ ದ್ಯಾವಣ್ಣ. ಪಕ್ಕದ ಮನೆಯವರು ಎಮ್ಮೆಯನ್ನು ಕೂಗಿದರೂ ಲಾರಿಯಡಿಯಿಂದ ‘ಓ’. ಬಸ್ ಸ್ಟ್ಯಾಂಡಿನಲ್ಲಿ ಹೆಂಗಸೊಬ್ಬಳು ಗಂಡನನ್ನು ಕೂಗಿದಾಗ ಇವನು ಓಗೊಟ್ಟು ಚೆನ್ನಾಗಿ ಉಗಿಸಿಕೊಂಡಿದ್ದ. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು.

ಮುಸ್ಸಂಜೆಯಲ್ಲೂ ಹಾಗೇ ಓಗೊಡುತ್ತಿದ್ದ! ನಮ್ಮ ಕಡೆ ಕತ್ತಲಾಗುವ ಹೊತ್ತಿಗೆ ಒಂದೇ ಕೂಗಿಗೆ ಯಾರೂ ಓಗೊಡುವುದಿಲ್ಲ. ಮನುಷ್ಯರಾದರೆ ಮತ್ತೆ ಕೂಗುತ್ತಾರೆ. ಒಂದೇ ಸಲ ಕೂಗಿ ಸುಮ್ಮನಾಗುವುದು ದೆವ್ವ, ಓಗೊಟ್ಟವರನ್ನು ಕರೆದುಕೊಂಡೇ ಹೋಗುತ್ತದೆ ಅಂತ. ನಮ್ಮವ್ವ ಅಂತೂ ಹೊರಗಿನಿಂದ ನಾನೇ ಕೂಗಿದರೂ ಎರಡನೇ ಕೂಗು ಕೇಳುವ ತನಕ ಅಗುಳಿ ತೆಗೆಯುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಕಾಫಿ ಎಸ್ಟೇಟಿಗೆ ಲೆಕ್ಕ ಬರೆಯುವ ರೈಟರ್ ಆಗಿ ಸೇರಿದ ಹೊಸದರಲ್ಲಿ, ಕಾಫಿ ಮೂಟೆಗಳ ಜೊತೆ ಅವನ ಲಾರಿಯಲ್ಲಿ ಮಂಗಳೂರಿಗೆ ಹೊರಟೆ. ದೋಣಿಗಲ್ ಘಾಟಿ ಇಳಿಯುವ ತನಕ ಅವನದು ಬಾಯಿ ತುಂಬ ಮಾತು. “ಹಳೇ ಬಂದ್ರು ಅಂದ್ರೆ ಏನಂದ್ಕೊಂಡಿದ್ದೀಯ ಮಾರಾಯ? ಅಲ್ಲಿ ಸಿಗದೆ ಇರೋದು ಏನೂ ಇಲ್ಲ ಕಣೋ!” ಮಂಗಳೂರು ಹತ್ತಿರವಾದಂತೆ ಮಾತು ನಿಂತೇ ಹೋಯಿತು.

ಬಂದರಿನ ಓಣಿಗಳನ್ನು ನೋಡಿ ನಾನು ದಂಗಾದೆ. ಹೆಂಚು ಹೊದಿಸಿದ ಸಗಟು ಮಂಡಿಗಳು, ಮೆಣಸು ಒಣಮೀನು ಬೆಲ್ಲ ಎಲ್ಲ ಕಲಸಿದ ವಾಸನೆ, ಅಂಗಿ ಬೆನ್ನಿಗೆ ಅಂಟುವ ಸೆಕೆ. ಗುರುತಿಲ್ಲದ ಅಂಗಡಿಯವನೊಬ್ಬ ಕೂರಿಸಿ ಮಜ್ಜಿಗೆ ಕೊಟ್ಟ. ಅಲ್ಲಿಂದ ಎದ್ದರೆ ಹಮಾಲಿಯೊಬ್ಬ ಮೂಟೆ ಸಮೇತ ಗುದ್ದಿ, ನೋಡದೆ ಹೋದ. ಆ ಊರು ಇಷ್ಟವಾಯಿತೋ ಭಯವಾಯಿತೋ, ಇವತ್ತಿಗೂ ಹೇಳಲಾರೆ. ದ್ಯಾವಣ್ಣ ಮಾತ್ರ ತುಳುವೋ ಕೊಂಕಣಿಯೋ, ಕಿವಿಗೆ ಬಿದ್ದ ಕೂಗಿಗೆಲ್ಲ ತಿರುಗಿ ತಿರುಗಿ ‘ಓ’ ಅನ್ನುತ್ತಿದ್ದ. ನಾನು ರೇಗಿಬಿಟ್ಟೆ. “ನಿಂಗೇನು ತಲೆ ಕೆಟ್ಟೈತಾ ದ್ಯಾವಣ್ಣ?”

ಹೊತ್ತು ಮುಳುಗುತ್ತಿತ್ತು. ಅವನು ದೋಣಿಗಳು ನಿಲ್ಲುವ ಧಕ್ಕೆಯ ಕಟ್ಟೆಯ ಮೇಲೆ ಕೂತುಬಿಟ್ಟ.

“ಇಲ್ಲೇ ಕಣೋ ನನ್ ತಮ್ಮ ನಿಂಗ ಕಳ್ದೋಗಿದ್ದು. ಸಮುದ್ರ ನೋಡ್ಬೇಕು ಅಂತ ಆಸೆಪಟ್ಟು ಬಂದಿದ್ದ. ಇದೇ ಹೊತ್ತು. ನಾನು ಮುಂದೆ, ಅವ್ನು ಹಿಂದೆ. ‘ಅಣ್ಣೋ’ ಅಂದ, ಒಂದೇ ಸಲ. ಮುಸ್ಸಂಜೆ ಅಲ್ವಾ, ಇನ್ನೊಂದು ಸಲ ಕೂಗ್ಲಿ ಅಂತ ಹಂಗೇ ನಡೆದ್ಬುಟ್ಟೆ. ಕೂಗ್ಲೇ ಇಲ್ಲ. ನೀರಿಗೆ ಬಿದ್ನೋ, ತಿರುಗ್ಲಿಲ್ಲ ಅಂತ ಸಿಟ್ಟು ಮಾಡ್ಕೊಂಡು ಹೋದ್ನೋ... ಈ ಊರ್ನ ಬೈಯಕ್ಕೂ ಆಗಲ್ಲ ಮಾರಾಯ. ಇಲ್ಲಿಯವ್ರು ನಂಗೆ ಊಟ ಹಾಕಿ, ನನ್ ಜೊತೆ ಹುಡುಕವ್ರೆ.”

ನಾನು ಮತ್ತೆಂದೂ ಅವನ ‘ಓ’ಗೆ ನಗಲಿಲ್ಲ.

ಕೊನೆಯ ಸಲ ನೋಡಿದ್ದು ಸಕಲೇಶಪುರದ ಆಸ್ಪತ್ರೆಯಲ್ಲಿ. ದನಿ ಇಳಿದುಹೋಗಿತ್ತು. ನನ್ನ ಕೈ ಹಿಡಿದುಕೊಂಡು, “ನೀನು ಬಂದ್ರಿಗೆ ಹೋಗ್ತಾ ಇರ್ತೀಯಲ್ಲ. ಅಲ್ಲಿ ಯಾರಾದ್ರೂ ‘ಅಣ್ಣೋ’ ಅಂದ್ರೆ ನನ್ ಬದಲಿಗೆ ಓ ಅಂದ್ಬುಡಪ್ಪ” ಅಂದ. “ಆಯ್ತು ಕಣಣ್ಣ” ಅಂದೆ. ಆ ವಾರವೇ ಹೋಗಿಬಿಟ್ಟ.

ಮುಂದಿನ ಲೋಡಿಗೆ ಬೇರೆ ಡ್ರೈವರ್ ಜೊತೆ ಹೋದೆ. ಮುಸ್ಸಂಜೆ, ಮಂಡಿಗಳು ಬಾಗಿಲು ಹಾಕುವ ಹೊತ್ತು, ಅದೇ ಓಣಿ. ಬೆನ್ನ ಹಿಂದೆ ಯಾರೋ ಕೂಗಿದರು: “ಅಣ್ಣೋ.” ನಮ್ಮ ಕಡೆಯ ದನಿ. ಲೋಡ್ ಇಳಿಸಲು ಹಾಸನದ ಹುಡುಗರು ಎಷ್ಟೋ ಜನ ಬರುತ್ತಾರೆ ಅಂತ ಸಮಾಧಾನ ಹೇಳಿಕೊಂಡೆ. ಎರಡನೇ ಕೂಗಿಗೆ ಕಾದೆ. ಬರಲಿಲ್ಲ. ಅವ್ವನ ಮುಖ ಕಣ್ಣ ಮುಂದೆ ಬಂತು, ಆಮೇಲೆ ದ್ಯಾವಣ್ಣನದು.

“ಓ” ಅಂದೆ. ತಿರುಗಿ ನೋಡುವ ಧೈರ್ಯ ಮಾತ್ರ ಬರಲಿಲ್ಲ.