ದೇವರ ಜೊತೆ ಮಾತು ಬಿಟ್ಟವರು

ಹೋದ ವಾರ ಮೂಡಿಗೆರೆಯಿಂದ ಕಳಸದ ಬಸ್ಸು ಹತ್ತಿದಾಗ, ಪಕ್ಕದಲ್ಲಿ ಕೂತ ಹೆಂಗಸಿನ ಮಡಿಲಲ್ಲಿ ಪೇಪರ್ ಸುತ್ತಿದ ಡೇರೆ ಹೂಗಳಿದ್ದವು. ಕಡುಗೆಂಪು, ಒಂದೊಂದೂ ಸಾಸರಿನಷ್ಟು ಅಗಲ. ಡೇರೆಗೆ ಪರಿಮಳವೆಂಬುದಿಲ್ಲ. ಆದರೆ ಒದ್ದೆ ದಂಟು ಮುರಿದಾಗ ಒಂದು ಹಸಿ, ಕಹಿ ವಾಸನೆ ಬರುತ್ತದಲ್ಲ, ಅದು ಮೂಗಿಗೆ ಬಡಿದದ್ದೇ ತಡ, ನನಗೆ ಬಾಯಮ್ಮ ನೆನಪಾದರು...

ವರ್ಷಗಳ ಹಿಂದೆ ಟೀಚರ್ ಕೆಲಸ ಸಿಕ್ಕಿ ಕಡೂರಿನ ಬಯಲಿನಿಂದ ಬಂದ ನಾನು ಕಳಸದ ದಾರಿಯ ಆ ಸಣ್ಣ ಊರಿನಲ್ಲಿ ಬಾಡಿಗೆಗೆ ಹಿಡಿದ ಕೋಣೆ ಅವರದ್ದು. ಕ್ರೈಸ್ತ ಹೆಂಗಸರನ್ನು ಅಲ್ಲಿ ಬಾಯಮ್ಮ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ನನ್ನ ಸಣಕಲು ಮೈ ಅವರಿಗೆ ಆದ ಸ್ವಂತ ಅವಮಾನವೆನ್ನುವಂತೆ ಮೂರು ಹೊತ್ತೂ ನನ್ನ ತಟ್ಟೆಯ ಮೇಲೇ ಕಣ್ಣು. ಮೀನು ಮುಟ್ಟದ ನನಗಾಗಿ ಬೇರೆ ಬಾಣಲೆಯನ್ನೇ ತಂದಿಟ್ಟಿದ್ದರು.

ಇಂಥ ಬಾಯಮ್ಮ ದೇವರ ಜೊತೆ ಮಾತು ಬಿಟ್ಟಿದ್ದರು.

ಅದು ಗೊತ್ತಾದದ್ದು ಒಂದು ಶನಿವಾರ ಬೆಳಿಗ್ಗೆ. ಅಂಗಳದ ಡೇರೆ ಕೊಯ್ದು ನನ್ನ ಕೈಗಿಟ್ಟು, "ಸ್ಕೂಲಿಗೆ ಹೋಗ್ತಾ ಚರ್ಚಲ್ಲಿ ಇಟ್ಟು ಹೋಗಿ ಟೀಚರೇ. ಹೂ ಕಳ್ಸಿದಾಳೆ, ಅಷ್ಟೇ ಅಂತ ಹೇಳಿ" ಎಂದರು.

"ಯಾರಿಗೆ, ಫಾದರ್‌ಗಾ?"

"ಫಾದರ್ ಹತ್ರ ನಂಗೇನು ಜಗಳ? ದೇವ್ರಿಗೆ."

ನನಗೆ ನಗು ಬಂತು. ಅವರು ನಗಲಿಲ್ಲ.

ಅವರ ಗಂಡ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದವರು. ನಾನು ಬರುವ ಎಷ್ಟೋ ವರ್ಷ ಹಿಂದೆ, ಕಾಫಿಗೆ ಬಿಸಿಲು ಇಳಿಯಲೆಂದು ನೆರಳಿನ ಮರಗಳ ಕೊಂಬೆ ಕಡಿಸುವಾಗ, ಮೊದಲ ಮಳೆಯ ಮಾರನೇ ದಿನ, ತಾವೇ ಮರ ಹತ್ತಿ ಜಾರಿ ಬಿದ್ದರು. ಆಸ್ಪತ್ರೆಯಲ್ಲಿದ್ದಷ್ಟು ದಿನ ಬಾಯಮ್ಮ ಜಪಸರ ಕೆಳಗಿಡಲಿಲ್ಲ. ಆದರೂ ಗಂಡ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಬಾಯಮ್ಮ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ಮನೆಯ ಶಿಲುಬೆಯ ಧೂಳು ಒರೆಸುತ್ತಿದ್ದರು, ಮೇಣದಬತ್ತಿ ಹಚ್ಚುತ್ತಿದ್ದರು, ಪ್ರಾರ್ಥನೆ ಮಾತ್ರ ಇಲ್ಲ. "ಮರ್ಯಾದೆ ಬೇರೆ, ಮಾತು ಬೇರೆ" ಎನ್ನುತ್ತಿದ್ದರು. ಊಟಕ್ಕೆ ಕೂತಾಗ ಅಭ್ಯಾಸದಿಂದ ಶಿಲುಬೆಯ ಗುರುತಿಗೆಂದು ಹಣೆಗೆ ಹೋದ ಕೈ ಅಲ್ಲೇ ನಿಂತು, ಕೂದಲು ಸರಿಮಾಡಿಕೊಂಡಂತೆ ಮಾಡಿ ಕೆಳಗಿಳಿಯುತ್ತಿತ್ತು. ಅದನ್ನು ನೋಡಿದರೆ ನನಗೆ ತುತ್ತು ಇಳಿಯುತ್ತಿರಲಿಲ್ಲ.

ಹೀಗೆ, ಹೊರನಾಡಿನ ಅಮ್ಮನವರಿಗೆ ಹರಕೆ ಹೊರುವ ನಾನು ಬಾಯಮ್ಮನ ರಾಯಭಾರಿಯಾದೆ. ಶನಿವಾರ ಶನಿವಾರ ಖಾಲಿ ಚರ್ಚಿನೊಳಗೆ ಹೂವಿಟ್ಟು, ಯಾರೂ ಇಲ್ಲವೆಂದು ಅತ್ತಿತ್ತ ನೋಡಿ, "ಹೂ ಕಳ್ಸಿದಾರೆ. ಅಷ್ಟೇ ಅಂತೆ" ಎಂದು ಪಿಸುಗುಟ್ಟಿ ಓಡುತ್ತಿದ್ದೆ.

ಒಂದು ಶನಿವಾರ ಮಧ್ಯಾಹ್ನ ನಾನು ಬಂದಾಗ ಬಾಯಮ್ಮ ಡೇರೆ ಗಿಡಕ್ಕೆ ಕೋಲು ಕಟ್ಟುತ್ತಿದ್ದರು. ತಲೆ ಎತ್ತದೆ ಕೇಳಿದರು, "ಏನಂದ್ರು?"

ಹಿಂದೆಂದೂ ಹಾಗೆ ಕೇಳಿದವರಲ್ಲ. ದನಿಯಲ್ಲಿ ತಮಾಷೆಯಿರಲಿಲ್ಲ. ನನ್ನ ಬಾಯಿಂದ ತಾನಾಗಿ ಬಂದುಬಿಟ್ಟಿತು: "ಆರಾಮಿದಾಳಾ ಅಂತ ಕೇಳಿದ್ರು."

ಬಾಯಮ್ಮನ ಕೈಯ ಹಗ್ಗ ಜಾರಿತು. "ಈಗ ಕೇಳ್ತಾರಾ? ಇಷ್ಟು ವರ್ಷ ಆದ್ಮೇಲೆ? ಎಷ್ಟು ಆರಾಮಿದೀನಿ ಅಂತ ನಾನೇ ಹೋಗಿ ಹೇಳ್ತೀನಿ!" ಎಂದವರೇ ಮಣ್ಣುಗೈಯಲ್ಲೇ ಗೇಟು ದಾಟಿ ಚರ್ಚಿನ ಕಡೆ ಹೊರಟರು. ನಾನು ಹಿಂದೆಯೇ ಓಡಿ ಹೋಗಿ ಮೆಟ್ಟಿಲ ಮೇಲೆ ಕೂತೆ. ಒಳಗೆ ಕೊಂಕಣಿಯಲ್ಲಿ ಜೋರು ಜಗಳ, ಆಮೇಲೆ ಅಳು, ಆಮೇಲೆ ಏನೂ ಇಲ್ಲ... ಅಲ್ಲಿ ಯಾರ ಉತ್ತರವೂ ಸಿಗದೆ ಇನ್ನಷ್ಟು ಮುರಿದು ಬಂದರೆ ನಾನು ಯಾವ ಮುಖ ಹೊತ್ತು ಆ ಮನೆಯಲ್ಲಿರಲಿ?

ಹೊರಬಂದ ಬಾಯಮ್ಮ ನನ್ನ ಪಕ್ಕದಲ್ಲೇ ಕೂತರು. "ಬಾಯಿಗೆ ಬಂದಂಗೆ ಬೈದೆ ಟೀಚರೇ. ಬೈದು ಬೈದು ಸಾಕಾಗಿ ತಲೆ ಎತ್ತಿ ಶಿಲುಬೆ ನೋಡಿದೆ. ದೇವ್ರ ಮಗ ಜೀವ ಬಿಟ್ಟಿದ್ದೂ ಮರದ ಮೇಲೇ ಅಲ್ವಾ... ನನ್ನ ಸಂಕಟ ಅವ್ರಿಗೇನು ಗೊತ್ತು ಅಂತಿದ್ದೆ ನಾನು." ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಾತು ಬಿಟ್ಟಿದ್ದು ನಾನೊಬ್ಳೇ ಮಾರಾಯ್ತಿ. ಅವ್ರು ಬಿಟ್ಟಿರ್ಲೇ ಇಲ್ಲ."

ಅವತ್ತು ಊಟಕ್ಕೆ ಕೂತಾಗ ಹಣೆಗೆ ಹೋದ ಕೈ ಎದೆಗೆ ಇಳಿದು ಎರಡು ಭುಜಗಳನ್ನೂ ಮುಟ್ಟಿತು. ನಾನು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಮಾರನೇ ದಿನ ಭಾನುವಾರ. ಇಸ್ತ್ರಿ ಸೀರೆ ಉಟ್ಟು, ಚರ್ಚಿನ ಪೂಜೆಗೆ ತಡವಾಯಿತೆಂದು ನನ್ನ ಮೇಲೇ ರೇಗುತ್ತ ಹೊರಟರು. ನನ್ನ ರಾಯಭಾರ ಅಲ್ಲಿಗೆ ಮುಗಿಯಿತು. ನಾನು ಹೇಳಿದ್ದು ಸುಳ್ಳೆಂದು ಅವರಿಗೆ ಗೊತ್ತಿತ್ತೋ ಏನೋ, ಎಂದೂ ಕೆದಕಲಿಲ್ಲ. ಅದು ಸುಳ್ಳೇ ಆಗಿತ್ತೆಂದು ಈಗ ನನಗೂ ಖಾತ್ರಿಯಿಲ್ಲ.

ನನಗೆ ವರ್ಗವಾಯಿತು. ಬಾಯಮ್ಮ ತೀರಿಕೊಂಡ ಸುದ್ದಿ ತಲುಪುವ ಹೊತ್ತಿಗೆ ಅವರನ್ನು ಗಂಡನ ಪಕ್ಕದಲ್ಲೇ ಮಲಗಿಸಿ ಆಗಿತ್ತು. ಕೊನೆಯ ಸಲ ಮುಖ ನೋಡಲಾಗಲಿಲ್ಲವೆಂಬ ಸಂಕಟ ಇವತ್ತಿಗೂ ಇದೆ.

ನಾನು ಹೂಗಳನ್ನೇ ನೋಡುತ್ತಿದ್ದುದನ್ನು ಕಂಡು ಬಸ್ಸಿನ ಆ ಹೆಂಗಸು ಎರಡು ಡೇರೆ ಕೊಟ್ಟರು. ನಾನು ಕಳಸದವರೆಗೆ ಹೋಗದೆ ಬಾಯಮ್ಮನ ಊರಿನಲ್ಲೇ ಇಳಿದೆ. ಚರ್ಚಿನಲ್ಲಿ ಯಾರೂ ಇರಲಿಲ್ಲ. ಹೂವಿಟ್ಟು, ಹಳೆಯ ಅಭ್ಯಾಸದಂತೆ ಅತ್ತಿತ್ತ ನೋಡಿ, "ಹೂ ತಂದಿದೀನಿ" ಎಂದೆ. 'ಅಷ್ಟೇ' ಎಂದು ಹೇಳಿ ಹೊರಡಲು ಮನಸ್ಸಾಗಲಿಲ್ಲ.

"ಬಾಯಮ್ಮ ಆರಾಮಿದಾರಾ?" ಎಂದು ಕೇಳಿದೆ.