ಅಕ್ಕನ ರಾಟವಾಳಗಳು

ನಾನು ಚಿಕ್ಕವನಿದ್ದಾಗ ರಾಯಲ್ಪಾಡಿನ ನಮ್ಮ ಮನೆಯ ಜಗಲಿಯಲ್ಲಿ ಒಂದು ಬಿದಿರಿನ ಪಂಜರ ತೂಗುತ್ತಿತ್ತು. ಅದರಲ್ಲಿ ಗುಬ್ಬಿಗಿಂತಲೂ ಪುಟ್ಟದಾದ ಎರಡು ರಾಟವಾಳ ಹಕ್ಕಿಗಳಿದ್ದವು. ಜ್ವರ ಬಂದು ವಾರಗಟ್ಟಲೆ ಮಲಗಿದ್ದ ಅಕ್ಕನ ಮುಖದಲ್ಲಿ ನಗು ಕಾಣಲೆಂದು ಅಪ್ಪ ಅವನ್ನು ಸಂತೆಯಿಂದ ತಂದಿದ್ದರು. ಬಯಲಿನ ಹಕ್ಕಿಯನ್ನು ಹಿಡಿದಿಡುವುದು ತಪ್ಪೆಂದು ಆಗ ನಮಗೆ ಯಾರೂ ಹೇಳಿರಲಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಅಕ್ಕ ಪಂಜರದ ಹಿಕ್ಕೆ ತೆಗೆದು, ಕರಟದಲ್ಲಿ ಹೊಸ ನೀರಿಟ್ಟು, ನವಣೆ ಕೇರಿ ಹಾಕುತ್ತಿದ್ದಳು. ಒಮ್ಮೊಮ್ಮೆ ಇಡೀ ತೆನೆಯನ್ನೇ ಸಿಕ್ಕಿಸುತ್ತಿದ್ದಳು. ಎರಡೂ ಹಕ್ಕಿಗಳು ತಲೆಕೆಳಗಾಗಿ ನೇತಾಡುತ್ತ ಕಾಳು ಬಿಡಿಸುವಾಗ ಕೆಳಗೆ ಕೂತ ನನ್ನ ತಲೆಯ ಮೇಲೆ ಹೊಟ್ಟು ಉದುರುತ್ತಿತ್ತು.

ಮಾಗಿಯ ಚಳಿ ಬಂತು. ಒಂದು ಬೆಳಿಗ್ಗೆ ಹಕ್ಕಿಗಳು ಗರಿ ಉಬ್ಬಿಸಿಕೊಂಡು ಒಂದಕ್ಕೊಂದು ಅಂಟಿ ಕೂತಿದ್ದವು. ಅಕ್ಕನಿಗೆ ನೋಡಲಾಗಲಿಲ್ಲ.

"ನಡುಗ್ತಾ ಅವೆ ಕಣೋ. ಒಲೆ ಹತ್ರ ಇಟ್ರೆ ಬೆಚ್ಚಗಿರ್ತವೆ," ಎಂದು ಪಂಜರವನ್ನು ಅಡುಗೆಮನೆಯ ಗೂಟಕ್ಕೆ ತೂಗುಹಾಕಿದಳು. ಸ್ವಲ್ಪ ಹೊತ್ತಿಗೆ ಅವು ಮತ್ತೆ ಚಿಲಿಪಿಲಿ ಎಂದವು. ಅಕ್ಕ ನೆಮ್ಮದಿಯಾಗಿ ನನ್ನನ್ನು ಕರೆದುಕೊಂಡು ಶಾಲೆಗೆ ಹೊರಟಳು.

ಅಂದು ಅಮ್ಮ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿದಳು. ಪಂಜರದ ಕಡೆ ಅವಳ ಗಮನ ಹೋಗಲಿಲ್ಲ. ಮಧ್ಯಾಹ್ನ ನಾವು ಬರುವಾಗ ಆ ಘಾಟು ಬೀದಿಯಲ್ಲೇ ನಮಗೆ ಕೆಮ್ಮು ತರಿಸಿತು. ಅಕ್ಕ ಪಾಟಿಚೀಲ ಎಸೆದು ಒಳಗೋಡಿದಳು. ಒಂದು ಹಕ್ಕಿ ಪಂಜರದ ತಳದಲ್ಲಿ ಸತ್ತು ಬಿದ್ದಿತ್ತು. ಇನ್ನೊಂದು ಬಾಯಿ ತೆರೆದುಕೊಂಡು, ಬಾಲ ಕುಣಿಸುತ್ತ ಉಸಿರಿಗಾಗಿ ಒದ್ದಾಡುತ್ತಿತ್ತು.

ಅಪ್ಪ ಸೈಕಲ್ ತೆಗೆದರು. ಅಕ್ಕ ಹಕ್ಕಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಿಂದೆ ಕೂತಳು. ದನದ ಡಾಕ್ಟರು ನೋಡಿ ತಲೆಯಾಡಿಸಿದರಂತೆ. "ಪುಟ್ಟ ಹಕ್ಕಿಗೆ ಹೊಗೆ ವಿಷ ಕಣಮ್ಮ. ಗಾಳಿ ಹೊಡೀದಿರೋ ಮೂಲೇಲಿಟ್ಟು ಪಂಜರಕ್ಕೆ ಗೋಣಿ ಹೊದಿಸಿದ್ರೆ ಸಾಕಾಗ್ತಿತ್ತು," ಎಂದರಂತೆ. ವಾಪಸು ಬರುವ ದಾರಿಯಲ್ಲಿ ಅದೂ ಹೋಯಿತು.

ಅಮ್ಮ ಕಣ್ಣೊರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತಿದ್ದಳು. ಅಕ್ಕ ಅವಳನ್ನು ಒಂದು ಮಾತೂ ಅನ್ನಲಿಲ್ಲ.

"ಬೆಚ್ಚಗಿರ್ಲಿ ಅಂತ ನಾನೇ ಅಲ್ವಾ ಇಟ್ಟಿದ್ದು," ಎಂದಳು, ಅಷ್ಟೆ.

ಮಕ್ಕಳೇ, ಈಗ ಮಾಲೂರಿನ ನಿಮ್ಮ ಮನೆಯ ಬಾಲ್ಕನಿಯಲ್ಲಿ ಲವ್ ಬರ್ಡ್ಸ್ ಇವೆ. ಒಂದು ಮಂಕಾಗಿ ಕೂತರೂ ನೀವು ವಿಡಿಯೊ ಮಾಡಿ ಡಾಕ್ಟರಿಗೆ ಕಳಿಸುತ್ತೀರಿ. ಒಗ್ಗರಣೆ ಹಾಕುವ ಮೊದಲೇ ಓಡಿ ಬಾಲ್ಕನಿಯ ಬಾಗಿಲು ಮುಚ್ಚುತ್ತೀರಿ. ನಮಗೆ ಇಷ್ಟನ್ನು ಹೇಳಿಕೊಡುವವರು ಯಾರಾದರೂ ಇದ್ದಿದ್ದರೆ ಎಂದುಕೊಳ್ಳುತ್ತ ನಾನು ನೋಡುತ್ತಿರುತ್ತೇನೆ.

ಮೊನ್ನೆ ನಮ್ಮ ಅಕ್ಕ ಬಂದಿದ್ದಾಗ ನೀವು ಒಂದನ್ನು ಅವಳ ಕೈಮೇಲೆ ಕೂರಿಸಲು ಹೋದಿರಿ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಇಷ್ಟು ದೊಡ್ಡ ಅಜ್ಜಿಗೆ ಇಷ್ಟು ಸಣ್ಣ ಹಕ್ಕಿ ಕಂಡರೆ ಭಯ ಎಂದು ನೀವು ನಕ್ಕಿರಿ. ಅದು ಭಯವಲ್ಲ, ಮಕ್ಕಳೇ.